ಮಧುವಿಗೆ ನಂಚಿಕೊಳ್ಳಲು ಏನು?

ಮುಂಬಯಿಯ ಪರ್ಮಿಟ್ ರೂಮಿನಲ್ಲಿ ಗ್ಲಾಸಿನ ಬೆನ್ನಿಗೇ ಮೇಜಿಗೆ ಬರುವ ಬೇಯಿಸಿದ ಶೇಂಗಾ, ಹುರಿದ ಕಡಲೆ, ಉಪ್ಪು ಸವರಿದ ಸೌತೆಕಾಯಿ ಹೋಳುಗಳಿಗೆ ಮರಾಠಿಯಲ್ಲಿ ‘ಚಖಣಾ’ ಎನ್ನುತ್ತಾರೆ. ಹೈದರಾಬಾದಿನಲ್ಲಿ ಅದು ‘ಚಕ್ನಾ’, ಚೆನ್ನೈಯ ಆಡುಮಾತಿನಲ್ಲಿ ‘ಸಾಕ್ಣಾ’. ಬೆಂಗಳೂರಿಗರು ‘ಸೈಡ್ಸ್’ ಎಂದು ಇಂಗ್ಲಿಷಿನಲ್ಲಿ ಮುಗಿಸಿಬಿಡುತ್ತಾರೆ. ಹೊರನಾಡಿನಲ್ಲಿರುವ ಕನ್ನಡಿಗರು ಮರಾಠಿಯದೋ ಹಿಂದಿಯದೋ ಎಂದುಕೊಂಡು ಬಳಸುವ ಈ ಮಾತು ಹಳಗನ್ನಡಕ್ಕೆ ಹೊಸದೇನಲ್ಲ. ಅಲ್ಲಿ ಅದರ ರೂಪ ‘ಚಕ್ಕಣ’. ಕಳ್ಳು, ಮದ್ಯಗಳ ಜೊತೆ ನಂಚಿಕೊಳ್ಳುವ ತಿನಿಸು ಎಂದು ಅರ್ಥ.

ಪದದ ಬೇರು ಕನ್ನಡದ್ದಲ್ಲ. ರುಚಿ ನೋಡು ಎಂಬರ್ಥದ ಪ್ರಾಕೃತದ ‘ಚಕ್ಖ’ ಧಾತು ಹಿಂದಿಗೆ ‘ಚಖ್‌ನಾ’ ಆಗಿ, ಮರಾಠಿಗೆ ‘ಚಾಖಣೆ’ ಆಗಿ ಇಳಿದಿದೆ. ಸಂಸ್ಕೃತ ನಿಘಂಟುಕಾರರಲ್ಲಿ ಇದೇ ಅರ್ಥಕ್ಕೆ ‘ಚಕ್ಷಣ’ ಎಂಬ ಪದವಿದೆ. 12ನೇ ಶತಮಾನದ ಹೇಮಚಂದ್ರನ ನಿಘಂಟು ಉಪದಂಶ, ಅವದಂಶ, ಚಕ್ಷಣಗಳನ್ನು ಒಂದೇ ಸಾಲಿನಲ್ಲಿ ಸಮಾನಾರ್ಥಕಗಳಾಗಿ ಕೊಡುತ್ತದೆ. ಇವುಗಳಲ್ಲಿ ಉಪದಂಶದ ಗತಿ ವಿಚಿತ್ರ. ‘ದಂಶ’ ಎಂದರೆ ಕಚ್ಚುವುದು. ಗುಟುಕಿನ ನಡುವೆ ಕಚ್ಚಿಕೊಳ್ಳುವುದು ಉಪದಂಶ. ಆದರೆ ವೈದ್ಯಗ್ರಂಥಗಳಲ್ಲಿ ಅದೇ ಪದ ಗುಹ್ಯರೋಗವೊಂದರ ಹೆಸರು. ಇವತ್ತಿನ ಕನ್ನಡದಲ್ಲಿ ಉಳಿದದ್ದು ರೋಗ ಮಾತ್ರ, ತಿನಿಸು ಹೋಯಿತು. ಹಳೆಯ ಗ್ರಂಥಗಳನ್ನು ಅನುವಾದಿಸುವವರು ಇಲ್ಲಿ ಸ್ವಲ್ಪ ಎಚ್ಚರವಾಗಿರಬೇಕು.

ಇನ್ನೊಂದು ಪದದಲ್ಲೂ ಎಚ್ಚರ ಬೇಕು: ಮಧು. ಕನ್ನಡಿಗರ ಕಿವಿಗೆ ಅದು ಮೊದಲು ಜೇನು. ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕೆಲಸಗಳನ್ನು ವಿವರಿಸುವ ಅಧ್ಯಾಯ ಮಾತ್ರ ಮಧು ಎಂದರೆ ದ್ರಾಕ್ಷಿಯ ರಸ ಎಂದು ಸ್ಪಷ್ಟವಾಗಿ ಹೇಳುತ್ತದೆ. ಅದು ಬರುವ ಊರುಗಳ ಮೇಲೆ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳನ್ನೂ ಕೊಡುತ್ತದೆ. ಕಾಪಿಶಿ ಎಂದರೆ ಈಗಿನ ಕಾಬೂಲಿನ ಉತ್ತರದ ಬೇಗ್ರಾಮ್ ಸೀಮೆ. ಅಂದರೆ ಊರಿನ ಹೆಸರು ಹೊತ್ತ ವೈನ್ ಈ ದೇಶದ ಶ್ರೀಮಂತರಿಗೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಗೊತ್ತಿತ್ತು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ವಾತ್ಸ್ಯಾಯನನ ಕಾಮಸೂತ್ರಕ್ಕೆ ಬರಬೇಕು. ನಗರದ ರಸಿಕರು ಒಬ್ಬರ ಮನೆಯಲ್ಲಿ ಒಬ್ಬರು ಸೇರಿ ನಡೆಸುವ ಪಾನಗೋಷ್ಠಿಯ ವಿವರ ಅದರ ಮೊದಲ ಅಧಿಕರಣದಲ್ಲಿದೆ. ಅಲ್ಲಿ ಕುಡಿಯುವುದು ಮಧು, ಮೈರೇಯ, ಸುರೆ, ಆಸವ. ಮೊದಲ ಹೆಸರೇ ದ್ರಾಕ್ಷಿಯ ವೈನಿನದು. ಅವುಗಳೊಂದಿಗೆ ಬಗೆಬಗೆಯ ಉಪ್ಪುಗಳು, ಹಣ್ಣು, ಹಸಿರು, ತರಕಾರಿ. ಜೊತೆಗೆ ಕಹಿ, ಖಾರ, ಹುಳಿಯ ಉಪದಂಶಗಳು. ಗಣಿಕೆಯರು ಕುಡಿಸಬೇಕು, ಆಮೇಲೆ ತಾವೂ ಕುಡಿಯಬೇಕು ಎನ್ನುತ್ತದೆ ಸೂತ್ರ.

ಈ ಪಟ್ಟಿಯನ್ನು ಷಡ್ರಸಗಳ ಪಕ್ಕದಲ್ಲಿಟ್ಟು ನೋಡಿದರೆ ಒಂದು ಲೆಕ್ಕ ಕಾಣುತ್ತದೆ. ಉಪ್ಪು, ಕಹಿ, ಖಾರ, ಹುಳಿ ತಟ್ಟೆಯಲ್ಲಿವೆ. ಇಲ್ಲದ್ದು ಎರಡು, ಸಿಹಿ ಮತ್ತು ಒಗರು. ಹಣ್ಣಿನ ಸಿಹಿಯನ್ನು ಬಿಟ್ಟರೆ ಆ ಎರಡೂ ಬಟ್ಟಲಿನಲ್ಲೇ ಇರುತ್ತಿದ್ದವು. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿ ಒಗರಿದೆ. ಅರ್ಥಶಾಸ್ತ್ರದ ಮೈರೇಯಕ್ಕೆ ಮೇಷಶೃಂಗಿ ಗಿಡದ ತೊಗಟೆಯ ಕಷಾಯ, ಬೆಲ್ಲ, ಬೇಕಾದರೆ ತ್ರಿಫಲ ಬೀಳುತ್ತದೆ. ಲೆಕ್ಕ ಪೂರ್ತಿ ಚೊಕ್ಕವೇನಲ್ಲ, ಏಕೆಂದರೆ ಅದೇ ಮೈರೇಯಕ್ಕೆ ಹಿಪ್ಪಲಿಯೂ ಕಾಳುಮೆಣಸೂ ಸೇರುತ್ತಿದ್ದವು. ಆದರೂ ಬಟ್ಟಲಲ್ಲಿ ಇಲ್ಲದ್ದನ್ನು ತಟ್ಟೆಯಲ್ಲಿ ಇಡುವ ಯೋಚನೆ ಇದರ ಹಿಂದಿದೆ ಎಂದು ಓದುವುದು ಅತಿಯಾಗದು. ಅನ್ನ ಮೊಸರಿಗೆ ಉಪ್ಪಿನಕಾಯಿ ನಂಚಿಕೊಳ್ಳುವಾಗ ಕನ್ನಡಿಗರು ದಿನವೂ ಮಾಡುವುದು ಇದನ್ನೇ.

ಕನ್ನಡ ನೆಲದಲ್ಲೂ ಇದಕ್ಕೆ ಅರಮನೆಯ ಸಾಕ್ಷಿಯಿದೆ. ಪಂಪಭಾರತದ ನಾಲ್ಕನೆಯ ಆಶ್ವಾಸದಲ್ಲಿ ರಾತ್ರಿ ನಗರ ಸುತ್ತುವ ಅರ್ಜುನನ ಕಣ್ಣಿಗೆ ಕುಡಿಯುವವರ ಗುಂಪೂ ಬೀಳುತ್ತದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ‘ಮದಿರಾಪಾನ ಕ್ರೀಡೆ’ ರಾಜನ ವಿನೋದಗಳಲ್ಲೊಂದು, ಬೆಳುದಿಂಗಳ ವಿಹಾರ, ಚದುರಂಗಗಳ ಸಾಲಿನಲ್ಲೇ ಬರುತ್ತದೆ. ಅದೇ ಗ್ರಂಥದ ಅನ್ನಭೋಗ ಪ್ರಕರಣದಲ್ಲಿ ಉದ್ದಿನ ವಡೆ, ಇಡರಿಕೆ, ದೋಸಕ, ಶೂಲಕ್ಕೆ ಸಿಕ್ಕಿಸಿ ಕೆಂಡದ ಮೇಲೆ ಸುಟ್ಟ ಮಾಂಸದ ತುಂಡುಗಳು ಎಲ್ಲವೂ ಇವೆ. ಬಸವಕಲ್ಯಾಣದ ಹೆಸರು ಕೇಳಿದಾಗ ಯಾರೂ ಮೊದಲು ಇದನ್ನು ನೆನೆಯುವುದಿಲ್ಲ. ಆದರೆ ಅದೇ ಶತಮಾನದಲ್ಲಿ, ಅದೇ ಊರಿನ ಶರಣರ ನಡುವೆ ಹೆಂಡದ ಮಾರಯ್ಯ ಎಂಬ ವಚನಕಾರನೂ ಇದ್ದ. ಹೆಂಡ ಮಾರುವ ಕಾಯಕವೇ ಅವನ ಹೆಸರಿಗೆ ಅಂಟಿಕೊಂಡಿದೆ.

ಗ್ರಂಥಗಳು ಹೇಳುವುದು ಉಳ್ಳವರ ಚಕ್ಕಣವನ್ನು. ಇಲ್ಲದವರ ಚಕ್ಕಣ ಯಾವುದು ಎಂಬುದಕ್ಕೆ ಹೈದರಾಬಾದಿನಲ್ಲಿ ಒಂದು ಉತ್ತರ ಸಿಗುತ್ತದೆ. ಅಲ್ಲಿ ಚಕ್ನಾ ಎಂದರೆ ನಂಚಿಕೊಳ್ಳುವ ತಿನಿಸು ಮಾತ್ರವಲ್ಲ. ಆಡಿನ ಕರುಳು, ಬೋಟಿಗಳನ್ನು ಖಾರವಾಗಿ ಬೇಯಿಸಿದ ಸಾರಿನಂಥ ಅಡುಗೆಗೂ ಅದೇ ಹೆಸರು. ಮಾಂಸದ ಒಳ್ಳೆಯ ಭಾಗ ಉಳ್ಳವರ ಮನೆಗೆ ಹೋದ ಮೇಲೆ ಉಳಿದದ್ದು ಕಳ್ಳಿನ ಜೊತೆಗಾಯಿತು. ಆಗತಾನೆ ಇಳಿಸಿದ ಕಳ್ಳು ಸಿಹಿ, ಹೊತ್ತು ಏರಿದಂತೆ ಹುಳಿ. ಎರಡಕ್ಕೂ ಉಪ್ಪು ಖಾರದ ಬೋಟಿ ಒಗ್ಗುತ್ತದೆ. ಕಾಮಸೂತ್ರದ ರಸಿಕ ಇದನ್ನು ಮುಟ್ಟುತ್ತಿದ್ದನೋ ಇಲ್ಲವೋ, ಲೆಕ್ಕವಂತೂ ಅವನದ್ದೇ.

ಬ್ರಿಟಿಷರ ಅಬಕಾರಿ ವ್ಯವಸ್ಥೆ ಕುಡಿತವನ್ನು ಗೋಷ್ಠಿಯಿಂದ ಗಲ್ಲಾಪೆಟ್ಟಿಗೆಗೆ ತಂದಿತು. ಗುತ್ತಿಗೆ ಹಿಡಿದವನಿಗೆ ಹೆಚ್ಚು ಮಾರಿದಷ್ಟೂ ಲಾಭ. ಆಗ ಚಕ್ಕಣದ ಕೆಲಸ ರುಚಿಗಿಂತ ಬಾಯಾರಿಕೆ ಹೆಚ್ಚಿಸುವುದಾಯಿತು. ಸ್ವಾತಂತ್ರ್ಯದ ಮೇಲೆ 1949ರ ಬಾಂಬೆ ಪಾನನಿಷೇಧ ಕಾಯ್ದೆ ಕುಡಿಯುವವನನ್ನು ರೋಗಿಯನ್ನಾಗಿಸಿತು. ಆರೋಗ್ಯ ಕಾಪಾಡಿಕೊಳ್ಳಲು ಮದ್ಯ ಬೇಕು ಎಂಬ ಒಕ್ಕಣೆಯ ಪರವಾನಗಿ ಮಹಾರಾಷ್ಟ್ರದಲ್ಲಿ ಈಗಲೂ ಕಾನೂನಿನ ಪ್ರಕಾರ ಬೇಕು. ‘ಪರ್ಮಿಟ್ ರೂಮ್’ ಎಂಬ ಹೆಸರು ಹುಟ್ಟಿದ್ದು ಆ ಪರ್ಮಿಟ್ಟಿನಿಂದ. ನಿಷೇಧ ಸಡಿಲವಾದ ಮೇಲೆ ಇಂಥ ಎಷ್ಟೋ ಕೋಣೆಗಳನ್ನು ನಡೆಸಿದವರು ಕರಾವಳಿಯಿಂದ ಹೋದ ತುಳು, ಕನ್ನಡ ಮಾತಿನ ಶೆಟ್ಟರು. ಉಪದಂಶ ರೋಗದ ಹೆಸರಾದ ನಾಡಿನಲ್ಲಿ ಪಾನವೂ ಔಷಧದ ವೇಷ ಹಾಕಬೇಕಾಯಿತು. ಶೆಟ್ಟರ ಮೇಜಿನ ಮೇಲೆ ಪುಕ್ಕಟೆ ಬಂದ ಕಡಲೆ, ಶೇಂಗಾಗಳಲ್ಲಿ ಮಾತ್ರ ಹಳೆಯ ಪಟ್ಟಿಯ ಉಪ್ಪು, ಹಿಂಡಿದ ನಿಂಬೆಯ ಹುಳಿ ಉಳಿದುಕೊಂಡವು.

ಇನ್ನು ಇಂದಿನ ವೈನ್. 1980ರ ದಶಕದಲ್ಲಿ ಪುಣೆಯ ಬಳಿಯ ನಾರಾಯಣಗಾಂವ್, ಆಮೇಲೆ ನಂದಿಬೆಟ್ಟದ ತಪ್ಪಲು, 1990ರ ದಶಕದ ಕೊನೆಗೆ ನಾಸಿಕ್, ಹೀಗೆ ವೈನ್ ತಯಾರಿಕೆ ಬೇರೂರಿತು. 2007ರಲ್ಲಿ ಕರ್ನಾಟಕ ಅದಕ್ಕೊಂದು ನೀತಿಯನ್ನೂ ರೂಪಿಸಿತು. ಬಾಟಲಿಯ ಜೊತೆಗೆ ಯುರೋಪಿನ ಶಿಷ್ಟಾಚಾರವೂ ಬಂತು: ವೈನಿಗೆ ಚೀಸ್, ಆಲಿವ್. ಚಕ್ಕುಲಿ, ಚೂಡಾ ಇಟ್ಟರೆ ಅತಿಥಿ ಏನೆಂದುಕೊಂಡಾನು ಎಂಬ ಅಳುಕು ಎಷ್ಟೋ ಮನೆಗಳಲ್ಲಿದೆ. ಆದರೆ ಚೀಸ್ ಮಾಡುವುದಾದರೂ ಏನು? ಉಪ್ಪು ಮತ್ತು ಹುಳಿ ಒದಗಿಸುತ್ತದೆ. ಅದರ ಕೊಬ್ಬು, ಪ್ರೋಟೀನುಗಳು ಕೆಂಪು ವೈನಿನ ಒಗರನ್ನು ತಗ್ಗಿಸುತ್ತವೆ. ಅದೂ ಒಂದು ಚಕ್ಕಣ, ಹಾಲಿನಿಂದ ಮಾಡಿದ್ದು. ಅದೇ ಕೆಲಸವನ್ನು ಉಪ್ಪು ಹಾಕಿ ಹುರಿದ ಶೇಂಗಾ ಚೆನ್ನಾಗಿಯೇ ಮಾಡುತ್ತದೆ.

ಹಳೆಯ ಪಟ್ಟಿ ಕೈಕೊಡುವುದು ಒಂದು ಕಡೆ ಮಾತ್ರ, ಖಾರದಲ್ಲಿ. ವಾತ್ಸ್ಯಾಯನನ ಕಾಲದ ಖಾರ ಕಾಳುಮೆಣಸು, ಹಿಪ್ಪಲಿ, ಶುಂಠಿಯದು. ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರು ಬಂದ ನಂತರ. ನಾಲಗೆಯಲ್ಲಿ ಬಿಸಿಯನ್ನೂ ಮೆಣಸಿನಕಾಯಿಯ ಉರಿಯನ್ನೂ ಗುರುತಿಸುವ ಗ್ರಾಹಿ ಒಂದೇ. ಸಾಮಾನ್ಯವಾಗಿ ಸುಮಾರು 42 ಡಿಗ್ರಿಗೆ ಎಚ್ಚರಗೊಳ್ಳುವ ಅದು ಆಲ್ಕೋಹಾಲ್ ತಗುಲಿದರೆ 34ರ ಹೊತ್ತಿಗೇ ಎಚ್ಚರಗೊಳ್ಳುತ್ತದೆ ಎಂದು 2002ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಮೈಯ ಬಿಸಿ 37. ಹಾಗಾಗಿ ಮೆಣಸಿನಕಾಯಿ ಬಜ್ಜಿಯ ಮೇಲೆ ಗಡಸು ಶಿರಾಜ್ ಕುಡಿದರೆ ಬಾಯಿ ಇನ್ನಷ್ಟು ಉರಿಯುತ್ತದೆ, ವೈನೂ ಕಹಿಯಾಗುತ್ತದೆ. ಖಾರಕ್ಕೆ ತುಸು ಸಿಹಿಯುಳಿದ ತಣ್ಣನೆಯ ಚೆನಿನ್ ಬ್ಲಾಂಕ್ ವಾಸಿ. ಒಗರಿನ ಕೆಂಪು ವೈನಿಗೆ ನಿಪ್ಪಟ್ಟು, ಉಪ್ಪು ಗೋಡಂಬಿ, ಸುಟ್ಟ ಮಾಂಸದಂಥ ಖಾರ ಕಡಿಮೆಯ ತಿನಿಸು.

ನಾಸಿಕ್ ವೈನಿಗೆ ಹೆಸರಾಗುವ ಮೊದಲೇ ಚೂಡಾಕ್ಕೆ ಹೆಸರಾದ ಊರು. ಕರಿದ ಅವಲಕ್ಕಿ, ಶೇಂಗಾ, ಒಣಕೊಬ್ಬರಿಯ ಚೂರು, ಉಪ್ಪು, ಬೆರಳಿಗೆ ಹತ್ತುವ ಹುಳಿಪುಡಿ. ವಾರಾಂತ್ಯ ಮುಗಿಸಿ ಕಸಾರಾ ಘಾಟಿ ಇಳಿಯುವ ಮುಂಬಯಿಯವರ ಕಾರಿನಲ್ಲಿ ಬಾಟಲಿಯೂ ಇರುತ್ತದೆ, ಚೂಡಾದ ಪೊಟ್ಟಣವೂ ಇರುತ್ತದೆ. ಬಾಟಲಿ ಅತಿಥಿಗಳು ಬರುವ ದಿನಕ್ಕೆಂದು ಕಪಾಟು ಸೇರುತ್ತದೆ. ಪೊಟ್ಟಣ ಮರುದಿನದ ಚಹಾಕ್ಕೆ ಖಾಲಿಯಾಗುತ್ತದೆ.