ಋಣದ ಖಾತೆಯೂ ಉದ್ಯೋಗದ ಬಾಗಿಲೂ

1837ನೆಯ ಇಸವಿಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ತಲೆದೋರಿದ ಆರ್ಥಿಕ ಮುಗ್ಗಟ್ಟು ಬ್ಯಾಂಕುಗಳನ್ನೂ ವರ್ತಕರನ್ನೂ ಒಟ್ಟಿಗೆ ಕೆಡಹಿದಾಗ, ನ್ಯೂಯಾರ್ಕ್ ನಗರದಲ್ಲಿ ರೇಷ್ಮೆಯ ಸಗಟು ವ್ಯಾಪಾರ ನಡೆಸುತ್ತಿದ್ದ ಆರ್ಥರ್ ಟ್ಯಾಪನ್, ಲೂಯಿಸ್ ಟ್ಯಾಪನ್ ಎಂಬ ಸೋದರರ ಮಳಿಗೆಯೂ ಕೊಡಬೇಕಾದುದನ್ನು ಕೊಡಲಾರದೆ ಕೈಚೆಲ್ಲಿತು. ಇವರು ಧರ್ಮಭೀರುಗಳು, ಗುಲಾಮಗಿರಿಯ ಕಟ್ಟಾ ವಿರೋಧಿಗಳು. ಅಮಿಸ್ಟಾಡ್ ನೌಕೆಯ ಆಫ್ರಿಕನ್ ಬಂದಿಗಳ ವಿಮೋಚನೆಗಾಗಿ ಲೂಯಿಸನು ಪಟ್ಟ ಶ್ರಮವು ಇತಿಹಾಸಪ್ರಸಿದ್ಧವಾಗಿದೆ. ಮುಖಪರಿಚಯವೇ ಇಲ್ಲದ ದೂರದೂರಿನ ಅಂಗಡಿಕಾರನಿಗೆ ಯಾವ ನಂಬಿಕೆಯಿಂದ ಸರಕನ್ನು ಕಡ ಕೊಡುವುದೆಂಬ ಪ್ರಶ್ನೆ ಅಂದಿನ ಸಗಟು ವರ್ತಕರನ್ನೆಲ್ಲ ಬಾಧಿಸುತ್ತಿದ್ದಿತು. ಅದಕ್ಕೆ ಉತ್ತರವಾಗಿ ಲೂಯಿಸನು 1841ರಲ್ಲಿ ‘ಮರ್ಕಂಟೈಲ್ ಏಜೆನ್ಸಿ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಇಂದು ಕೆಲಸ ಬೇಡಿ ಬಂದವನ ಸಾಲದ ಚರಿತ್ರೆಯನ್ನು ಕೆದಕುವ ಪದ್ಧತಿಯ ಬೇರು ಇಲ್ಲಿದೆ.

ಊರೂರುಗಳಲ್ಲಿದ್ದ ವಕೀಲರೇ ಹೆಚ್ಚಾಗಿ ಈ ಸಂಸ್ಥೆಯ ಗುಪ್ತ ವರದಿಗಾರರಾಗಿದ್ದರು. ವರ್ತಕನ ಆಸ್ತಿಯೆಷ್ಟು, ಸಾಲವೆಷ್ಟು ಎಂಬುದರೊಡನೆ ಆತನು ಕುಡಿಯುವನೆ, ದುಂದುಗಾರನೆ, ನಡತೆ ಎಂತಹುದು ಎಂಬಿವೆಲ್ಲವೂ ಅವರ ಪತ್ರಗಳಲ್ಲಿ ಬರುತ್ತಿದ್ದುವು. ಬಂದುದನ್ನು ಗುಮಾಸ್ತರು ದೊಡ್ಡ ದೊಡ್ಡ ಖಾತೆಪುಸ್ತಕಗಳಲ್ಲಿ ಬರೆದಿಡುವರು. ಚಂದಾ ತೆತ್ತ ವ್ಯಾಪಾರಿಯು ಕಚೇರಿಗೆ ಬಂದು ವಿಚಾರಿಸಿದರೆ ಓದಿ ಹೇಳುವರು. ಯಾರ ಕುರಿತಾಗಿ ಬರೆಯಲಾಗಿದ್ದಿತೋ ಆತನಿಗೆ ಮಾತ್ರ ಅದರ ಒಂದಕ್ಷರವೂ ಕಾಣದು. ಅಂತಹ ಎರಡೂವರೆ ಸಾವಿರಕ್ಕೂ ಹೆಚ್ಚು ಸಂಪುಟಗಳು ಇಂದಿಗೂ ಹಾರ್ವರ್ಡ್ ವಿಶ್ವವಿದ್ಯಾಲಯದ ಬೇಕರ್ ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆ. ಒಹಾಯೊ ಪ್ರಾಂತದ ನಾರ್ವಾಕ್ ಎಂಬ ಊರಿನ ವರ್ತಕರು, ಸುಳ್ಳು ವರದಿಯಿಂದ ತಮ್ಮ ಮಾನವೂ ವ್ಯಾಪಾರವೂ ಹಾಳಾದುವೆಂದು ಟ್ಯಾಪನ್ನನ ಮೇಲೆ ದಾವೆ ಹೂಡಿದಾಗ, ಸಂಸ್ಥೆಯ ಪಾಲುದಾರನಾದ ಬೆಂಜಮಿನ್ ಡಗ್ಲಾಸನು ವರದಿಗಾರರ ಹೆಸರನ್ನು ನ್ಯಾಯಾಲಯಕ್ಕೆ ತಿಳಿಸಲೊಲ್ಲದೆ ಸೆರೆಮನೆಗೆ ಹೋದನು. ಹೇಳಿದವನ ಗುಟ್ಟನ್ನು ಕಾಪಾಡಲು ಇಷ್ಟೊಂದು ನಿಷ್ಠೆ ತೋರಿದ ಜನ, ಹೇಳಿಸಿಕೊಂಡವನಿಗೂ ಒಂದು ಗುಟ್ಟಿರಬಹುದೆಂಬುದನ್ನು ಎಣಿಸಲೇ ಇಲ್ಲವೆಂಬುದು ನನಗೆ ಬಹಳ ನೋವಿನ ಸಂಗತಿಯಾಗಿ ತೋರುತ್ತದೆ.

ಆದರೂ ಅದು ವರ್ತಕರು ವರ್ತಕರನ್ನು ಅಳೆಯುವ ಕ್ರಮವಾಗಿದ್ದಿತು. ಕಡ ಕೇಳಿದವನ ಕಡವನ್ನೇ ವಿಚಾರಿಸುತ್ತಿದ್ದರು. 1899ರಲ್ಲಿ ಅಟ್ಲಾಂಟಾ ನಗರದಲ್ಲಿ ವುಲ್ಫರ್ಡ್ ಸೋದರರು ಆರಂಭಿಸಿದ ‘ರೀಟೇಲ್ ಕ್ರೆಡಿಟ್ ಕಂಪೆನಿ’ಯು, ದಿನಸಿ ಅಂಗಡಿಯ ಗಿರಾಕಿಗಳ ಪಟ್ಟಿಯಿಂದ ತೊಡಗಿ, ವಿಮಾ ಸಂಸ್ಥೆಗಳಿಗೂ ಉದ್ಯೋಗದಾತರಿಗೂ ಸಾಮಾನ್ಯ ಮನುಷ್ಯನ ಬಾಳನ್ನೇ ಬಗೆದು ತೋರಿಸುವಷ್ಟು ಬೆಳೆಯಿತು. ಅದರ ತಪಾಸಣೆಗಾರರು ನೆರೆಮನೆಯ ಕದ ತಟ್ಟಿ, ಇಂಥವನ ಸಂಸಾರ ಹೇಗಿದೆ, ಸಹವಾಸ ಎಂತಹುದು ಎಂದು ಕೇಳುತ್ತಿದ್ದರು. ನೆರೆಯವನ ಹಗೆಯೂ ಉದಾಸೀನವೂ ಆ ಕಡತದಲ್ಲಿ ಸಾಕ್ಷ್ಯವಾಗಿ ಸೇರುತ್ತಿದ್ದುವು. ಕೆಲಸ ಸಿಗದವನು ಕಾರಣವನ್ನರಿಯದೆ ಮನೆಗೆ ಹಿಂದಿರುಗುತ್ತಿದ್ದನು. ಈ ಕಂಪೆನಿಯೇ 1975ರಲ್ಲಿ ‘ಈಕ್ವಿಫ್ಯಾಕ್ಸ್’ ಎಂಬ ಹೆಸರನ್ನು ತಾಳಿತು.

1968ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ನಡೆದ ವಿಚಾರಣೆಗಳಲ್ಲಿ, ಏಕಾಂತದ ಹಕ್ಕನ್ನು ಕುರಿತು ಗ್ರಂಥ ರಚಿಸಿದ್ದ ಪ್ರಾಧ್ಯಾಪಕ ಅಲನ್ ವೆಸ್ಟಿನ್ ಮೊದಲಾದವರು ಈ ಕಡತಗಳ ಮೇಲೆ ಬೆಳಕು ಚೆಲ್ಲಿದರು. ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರರ ಪ್ರಯತ್ನದಿಂದ 1970ರ ಅಕ್ಟೋಬರ್ 26ರಂದು ‘ಫೇರ್ ಕ್ರೆಡಿಟ್ ರಿಪೋರ್ಟಿಂಗ್’ ಕಾನೂನು ಅಧ್ಯಕ್ಷರ ಅಂಕಿತವನ್ನು ಪಡೆಯಿತು. ತನ್ನ ಕಡತದಲ್ಲಿ ಏನಿದೆಯೆಂದು ತಿಳಿಯುವ, ತಪ್ಪಿದ್ದರೆ ಪ್ರತಿಭಟಿಸುವ ಅಧಿಕಾರ ಪ್ರಜೆಗೆ ಲಭಿಸಿತು. ಪ್ರತಿಕೂಲ ಸಂಗತಿಗಳನ್ನು ಸಾಮಾನ್ಯವಾಗಿ ಏಳು ವರ್ಷಗಳಾಚೆಗೆ ಉಳಿಸಬಾರದೆಂದಾಯಿತು. ಆದರೆ ಉದ್ಯೋಗಕ್ಕಾಗಿ ಈ ವರದಿಯನ್ನು ತರಿಸುವುದು ಸಲ್ಲುವ ಕಾರ್ಯವೆಂಬುದನ್ನೂ ಅದೇ ಕಾನೂನು ಒಪ್ಪಿಕೊಂಡಿತು. 1996ರ ತಿದ್ದುಪಡಿಯಂತೆ ಅಭ್ಯರ್ಥಿಯ ಲಿಖಿತ ಸಮ್ಮತಿ ಅವಶ್ಯವಾಯಿತು. ವರದಿಯ ಕಾರಣದಿಂದ ಆತನನ್ನು ತಿರಸ್ಕರಿಸುವ ಮುನ್ನ ಅದರ ಪ್ರತಿಯನ್ನು ಆತನಿಗೆ ಕೊಡಬೇಕಾಯಿತು.

ಸಮ್ಮತಿಯೆಂಬ ಈ ಏರ್ಪಾಡನ್ನು ನಾನು ಕಡೆಗಣಿಸಲಾರೆ. ಗುಪ್ತ ಖಾತೆಯ ಕಾಲದಿಂದ ಇದು ಬಹುದೂರ ಬಂದ ಮಾತು. ಆದರೆ ತಿಂಗಳುಗಟ್ಟಲೆ ಸಂಬಳವಿಲ್ಲದವನ ಮುಂದೆ ಕಾಗದವನ್ನಿಟ್ಟು, ಸಹಿ ಹಾಕದಿದ್ದರೆ ಕೆಲಸವಿಲ್ಲವೆನ್ನುವಲ್ಲಿ ಒಪ್ಪುವ ಸ್ವಾತಂತ್ರ್ಯ ಎಷ್ಟು ಮಾತ್ರದ್ದು? ಕೆಲಸ ಹೋದುದರಿಂದಲೇ ಕಂತು ತಪ್ಪುತ್ತದೆ. ಕಂತು ತಪ್ಪಿದುದರಿಂದಲೇ ಮತ್ತೆ ಕೆಲಸ ದೂರವಾಗುತ್ತದೆ. ಆಸ್ಪತ್ರೆಯ ಬಾಕಿಯು ಮನುಷ್ಯನ ಪ್ರಾಮಾಣಿಕತೆಯ ವಿಷಯದಲ್ಲಿ ಏನನ್ನೂ ಹೇಳದು. 2010ರಲ್ಲಿ ಅಮೆರಿಕದ ಸಿಬ್ಬಂದಿ ನಿರ್ವಹಣಾಧಿಕಾರಿಗಳ ಸಂಘವು ನಡೆಸಿದ ಸಮೀಕ್ಷೆಯಲ್ಲಿ, ಉತ್ತರಿಸಿದ ಸಂಸ್ಥೆಗಳ ಪೈಕಿ ಶೇಕಡಾ 13 ಎಲ್ಲ ಅಭ್ಯರ್ಥಿಗಳ, ಶೇಕಡಾ 47 ಕೆಲವು ಹುದ್ದೆಗಳ ಅಭ್ಯರ್ಥಿಗಳ ಸಾಲದ ವರದಿಯನ್ನು ನೋಡುವುದಾಗಿ ತಿಳಿಸಿದುವು. ಅದೇ ಕಾಲದಲ್ಲಿ ಆರೆಗನ್ ಪ್ರಾಂತದ ಶಾಸನಸಭೆಯ ಮುಂದೆ, ಸಾಲದ ವರದಿಗಳನ್ನು ಮಾರುವ ಟ್ರಾನ್ಸ್‌ಯೂನಿಯನ್ ಸಂಸ್ಥೆಯ ಪ್ರತಿನಿಧಿಯೇ, ಸಾಲದ ವರದಿಗೂ ಕೆಲಸದ ದಕ್ಷತೆಗೂ ಅಥವಾ ವಂಚನೆಗೂ ಸಂಬಂಧವಿದೆಯೆಂದು ತೋರಿಸುವ ಸಂಶೋಧನೆ ತಮ್ಮಲ್ಲಿಲ್ಲವೆಂದು ಒಪ್ಪಿಕೊಂಡರು. ಮಾರುವವನೇ ತನ್ನ ಸರಕಿನ ಗುಣವನ್ನು ಹೀಗೆ ಬಿಚ್ಚಿ ಹೇಳಿದ ಮೇಲೆ ಬೇರೆ ಸಾಕ್ಷಿ ಏಕೆ? ಈ ಪದ್ಧತಿಯ ಮೇಲೆ 2007ರಲ್ಲಿ ವಾಷಿಂಗ್ಟನ್ ಪ್ರಾಂತವು ಮೊದಲು ಮಾಡಿದ ನಿರ್ಬಂಧವನ್ನು ಹವಾಯಿ, ಆರೆಗನ್, ಇಲಿನಾಯ್, ಕ್ಯಾಲಿಫೋರ್ನಿಯಾಗಳು ಅನುಸರಿಸಿದುವು. 2015ರಲ್ಲಿ ನ್ಯೂಯಾರ್ಕ್ ನಗರವು, ಪರರ ಹಣ ಹತ್ತು ಸಾವಿರ ಡಾಲರಿಗೆ ಕಡಮೆಯಿಲ್ಲದೆ ಯಾರ ಸಹಿಗೆ ಒಳಪಟ್ಟಿರುವುದೋ ಅಂತಹವರೇ ಮೊದಲಾದ ಕೆಲವರನ್ನು ಬಿಟ್ಟು, ಉಳಿದವರ ಸಾಲದ ಚರಿತ್ರೆಯನ್ನು ಕೇಳಲೇಬಾರದೆಂದು ವಿಧಿಸಿತು.

ನಮ್ಮ ದೇಶದಲ್ಲಿ ಸಾಲದ ಚರಿತ್ರೆಯನ್ನು ದಾಖಲಿಸುವ ‘ಸಿಬಿಲ್’ ಸಂಸ್ಥೆ ಹುಟ್ಟಿದುದು 2000ದಲ್ಲಿ. ಇಂತಹ ಸಂಸ್ಥೆಗಳನ್ನು ನಿಯಂತ್ರಿಸುವ ಕಾನೂನಾದುದು 2005ರಲ್ಲಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ 2025ರಲ್ಲಿ, ಸ್ಟೇಟ್ ಬ್ಯಾಂಕಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನೇಮಕಾತಿಯ ಆದೇಶವನ್ನು ಪಡೆದಿದ್ದ ಒಬ್ಬ ಅಭ್ಯರ್ಥಿಯ ನೇಮಕವನ್ನು ಸಿಬಿಲ್ ವರದಿಯ ಆಧಾರದ ಮೇಲೆ ರದ್ದುಪಡಿಸಿದುದನ್ನು ಮದರಾಸು ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಸಾರ್ವಜನಿಕರ ಹಣವನ್ನು ನಿರ್ವಹಿಸುವವನಿಗೆ ಆರ್ಥಿಕ ಶಿಸ್ತು ಇರಬೇಕೆಂಬುದು ಅದರ ತರ್ಕ. ಬ್ಯಾಂಕಿನ ನೇಮಕಾತಿ ಪ್ರಕಟಣೆಯ ವೇಳೆಗೆ ತನ್ನ ಬಾಕಿಗಳೆಲ್ಲ ತೀರಿದ್ದುವೆಂಬುದು ಅಭ್ಯರ್ಥಿಯ ವಾದವಾಗಿದ್ದಿತು. ಬ್ಯಾಂಕಿನ ಎಚ್ಚರಿಕೆಯನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ತಪ್ಪಿದ ಕಂತಿಗೆ ಎಷ್ಟು ಬೆಲೆಯೋ ತಡವಾಗಿಯಾದರೂ ತೀರಿಸಿದ ಸಾಲಕ್ಕೂ ಅಷ್ಟೇ ಬೆಲೆ ಸಲ್ಲಬೇಕೆಂದೂ, ಆ ವಾದಕ್ಕೆ ಇನ್ನಷ್ಟು ಮನ್ನಣೆ ದೊರೆಯಬೇಕಾಗಿದ್ದಿತೆಂದೂ ನನ್ನ ಅಭಿಪ್ರಾಯ.