ಹಸಿದ ದೇಹದ ಜಮಾಖರ್ಚು

ತೂಕ ಇಳಿಸಲು ಹೊರಟ ಹಲವರು ವ್ಯಾಯಾಮವನ್ನು ಹೆಚ್ಚಿಸಿ, ಊಟವನ್ನು ಅರ್ಧಕ್ಕೆ ಇಳಿಸುತ್ತಾರೆ. ಶಕ್ತಿ ಸಂರಕ್ಷಣೆಯ ನಿಯಮ ಬಲ್ಲ ನಿಮಗೆ ಇದು ಸರಿಯಾದ ಲೆಕ್ಕವೆಂದೇ ತೋರಬಹುದು. ಆದರೆ ದೇಹದ ಖರ್ಚು ಸ್ಥಿರವಾಗಿರುತ್ತದೆಯೆ?

ಎರಡನೆಯ ಮಹಾಯುದ್ಧದಲ್ಲಿ ಹಸಿವಿಗೀಡಾದ ಯೂರೋಪಿನ ಜನರಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯಲು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಜ್ಞಾನಿ ಆನ್ಸೆಲ್ ಕೀಸ್ 1944ರ ನವೆಂಬರಿನಲ್ಲಿ ಪ್ರಯೋಗವೊಂದನ್ನು ಆರಂಭಿಸಿದರು. ಶಸ್ತ್ರ ಹಿಡಿಯಲು ಒಪ್ಪದ 36 ಯುವಕರು ಸ್ವಇಚ್ಛೆಯಿಂದ ಅದಕ್ಕೆ ಒಳಗಾದರು. ಮೊದಲ 12 ವಾರ ದಿನಕ್ಕೆ ಸುಮಾರು 3200 ಕಿಲೊಕ್ಯಾಲೊರಿ ಆಹಾರ. ಮುಂದಿನ 24 ವಾರ ಅದರ ಅರ್ಧದಷ್ಟು. ಜೊತೆಗೆ ವಾರಕ್ಕೆ ಸುಮಾರು 35 ಕಿಲೊಮೀಟರ್ ನಡಿಗೆ.

ಅವರ ತೂಕವೇನೋ ಸುಮಾರು ಕಾಲುಭಾಗ ಇಳಿಯಿತು. ಆದರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗಿತ್ತು. ಹೃದಯದ ಬಡಿತ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿಯೆನಿಸಿತು. ವಿಶ್ರಾಂತಿಯಲ್ಲಿರುವಾಗ ದೇಹ ವ್ಯಯಿಸುವ ಶಕ್ತಿ ಶೇಕಡಾ 40ರಷ್ಟು ಕುಸಿಯಿತು. ದೇಹ ಕುಗ್ಗಿದ್ದು ಇದಕ್ಕೆ ಒಂದು ಕಾರಣ. ಉಳಿದ ಅಂಗಾಂಶವೂ ಮಿತವ್ಯಯಕ್ಕೆ ಇಳಿದದ್ದು ಇನ್ನೊಂದು. ಕೊನೆಕೊನೆಗೆ ತೂಕ ಇಳಿಯುವುದೇ ಬಹುಮಟ್ಟಿಗೆ ನಿಂತಿತು. ಮತ್ತೆ ಹೊಟ್ಟೆತುಂಬ ಉಂಡಾಗ ಸ್ನಾಯುವಿಗಿಂತ ಮೊದಲು ಕೊಬ್ಬು ಮರಳಿತು. 1950ರಲ್ಲಿ ಕೀಸ್ ಮತ್ತು ಸಂಗಡಿಗರು ಈ ವಿವರಗಳನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದರು.

ಗಮನಿಸಿ, ಶಕ್ತಿ ಸಂರಕ್ಷಣೆಯ ನಿಯಮ ಇಲ್ಲೆಲ್ಲೂ ಮುರಿಯಲಿಲ್ಲ. ಜಮಾ ಕಡಿಮೆಯಾದಾಗ ದೇಹ ಖರ್ಚನ್ನೂ ಹಿಡಿಯಿತು, ಅಷ್ಟೆ. ಆ ಯುವಕರು ಸ್ಥೂಲಕಾಯರಾಗಿರಲಿಲ್ಲವಾದ್ದರಿಂದ ಅಂಕಿಗಳನ್ನು ಎಲ್ಲರಿಗೂ ಹಾಗೆಯೇ ಅನ್ವಯಿಸಲಾಗದು. ಆದರೂ ತೂಕ ಇಳಿಸುವ ಆಸೆಯಿಂದ ಉಪವಾಸವಿದ್ದು ಮೈದಾನಕ್ಕೆ ಬರುವ ವಿದ್ಯಾರ್ಥಿಗೆ ನೀವು ಹೇಳಬಹುದಾದ ಮಾತಿದು: ವ್ಯಾಯಾಮ ಮಾಡು, ಸಾಕಷ್ಟು ಪ್ರೋಟೀನಿರುವ ಊಟ ಮಾಡು, ಕೊರತೆ ಅಲ್ಪವಾಗಿರಲಿ.