ತಲೆಬಾಗಿಲಿನ ಒಡೆತನ

ಹಳೆಯ ಕಾರ್ಯಾಚರಣ ವ್ಯವಸ್ಥೆಯೊಂದನ್ನು ಗಣಕಯಂತ್ರದಿಂದ ತೆಗೆದುಹಾಕುವುದೆಂದರೆ ಅದರ ಕಡತಗಳನ್ನು ಅಳಿಸಿಬಿಡುವುದಷ್ಟೇ ಎಂದು ನಂಬಿದವರು, ಅಳಿಸಿದ ಮರುಗಳಿಗೆಯಲ್ಲೇ ತಾವು ಉಳಿಸಿಕೊಂಡಿದ್ದ ವ್ಯವಸ್ಥೆಯೂ ಮೇಲೇಳದೆ, ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂಬ ಸೊಲ್ಲೊಂದು ಮಾತ್ರ ನಿಂತಿರುವುದನ್ನು ಕಂಡು ದಿಗ್ಭ್ರಾಂತರಾಗುವುದುಂಟು. ಈ ದಿಗ್ಭ್ರಮೆಯ ಮೂಲವನ್ನು ಅರಸಿ ಹೊರಟವನು 1983ನೆಯ ಇಸವಿಯವರೆಗೂ ಹಿಂದಕ್ಕೆ ಹೋಗಬೇಕಾಗುತ್ತದೆ.

ಅದಕ್ಕೂ ಎರಡು ವರ್ಷ ಮುಂಚೆ, 1981ರಲ್ಲಿ, ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿದಾಗ ಪಿಸಿ ಡಾಸ್, ಸಿಪಿ/ಎಂ-86, ಯುಸಿಎಸ್‌ಡಿ ಪಿ-ಸಿಸ್ಟಮ್ ಎಂಬ ಮೂರು ವ್ಯವಸ್ಥೆಗಳ ಆಯ್ಕೆಯನ್ನು ಗ್ರಾಹಕನ ಮುಂದಿರಿಸಿದ್ದಿತು. ಎಲ್ಲವೂ ಫ್ಲಾಪಿಯ ಮೇಲಿದ್ದುದರಿಂದ ಆ ಕಾಲದಲ್ಲಿ ತೆಗೆದುಹಾಕುವ ಪ್ರಶ್ನೆಯೇ ಉದ್ಭವಿಸುತ್ತಿರಲಿಲ್ಲ. ಬೇಡವಾದ ಫ್ಲಾಪಿಯನ್ನು ಮೇಜಿನ ಖಾನೆಗೆ ಸೇರಿಸಿದರೆ ಆಯಿತು. 1983ರ ಮಾರ್ಚಿನಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕನ್ನು ಹೊತ್ತು ಪಿಸಿ ಎಕ್ಸ್‌ಟಿಯೂ, ಅದರ ಜೊತೆಗೆ ಪಿಸಿ ಡಾಸ್ 2.0 ಆವೃತ್ತಿಯೂ ಬಂದಾಗ ಮಾತ್ರ, ಅಲುಗಿಸಲಾಗದ ಒಂದೇ ಡಿಸ್ಕಿನಲ್ಲಿ ಹಲವು ವ್ಯವಸ್ಥೆಗಳು ಹೇಗೆ ಬಾಳಬೇಕೆಂಬ ಚಿಂತೆ ಮೊದಲಾಯಿತು. ಆಗ ಕಂಡುಕೊಂಡ ಉಪಾಯವಿದು: ಡಿಸ್ಕಿನ ಮೊತ್ತಮೊದಲ ಸೆಕ್ಟರಿನ 512 ಬೈಟುಗಳಲ್ಲಿ 64 ಬೈಟುಗಳನ್ನು ಪಾರ್ಟಿಷನ್ ಪಟ್ಟಿಗೆ ಮೀಸಲಿಟ್ಟು, ತಲಾ 16 ಬೈಟುಗಳಂತೆ ನಾಲ್ಕು ಪಾಲುಗಳನ್ನು ಅದರಲ್ಲಿ ದಾಖಲಿಸುವುದು, ಕೊನೆಯ ಎರಡು ಬೈಟುಗಳನ್ನು ಮುದ್ರೆಗೆ ಬಿಟ್ಟು, ಉಳಿದ 446 ಬೈಟುಗಳಲ್ಲಿ ಚಾಲನೆಯ ಪುಟ್ಟ ಕ್ರಮವಿಧಿಯೊಂದನ್ನು ತುರುಕುವುದು. ಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಅದರಲ್ಲೇ ನೆಲೆಸಿದ ಬಯಾಸ್ ಎಂಬ ಮೂಲ ತಂತ್ರಾಂಶವು ಈ ಒಂದು ಸೆಕ್ಟರನ್ನು ಮಾತ್ರ ಸ್ಮೃತಿಗೆ ಎಳೆದುಕೊಂಡು, ಮುಂದಿನ ಭಾರವನ್ನೆಲ್ಲ ಅದರ ಹೆಗಲಿಗೇರಿಸಿ ತಾನು ಸರಿದುಬಿಡುತ್ತಿತ್ತು.

ಅಣ್ಣತಮ್ಮಂದಿರು ಪಾಲಾಗಿ ನಾಲ್ಕು ಒಲೆಗಳನ್ನು ಹೂಡಿಕೊಂಡ ಮೇಲೂ ತಲೆಬಾಗಿಲು ಒಂದೇ ಆಗಿ ಉಳಿದ ಮನೆಯಂತಾಯಿತು ಈ ವ್ಯವಸ್ಥೆ. ಪಟ್ಟಿಯನ್ನು ರಚಿಸಿದವರು ಸಹವಾಸವನ್ನು ಉದಾರವಾಗಿಯೇ ಕಲ್ಪಿಸಿಕೊಂಡಿದ್ದರು. ಆದರೆ ಬಾಗಿಲಿನ ಒಡೆತನ ಯಾರದೆಂಬುದನ್ನು ಅವರು ನಿರ್ಣಯಿಸಲಿಲ್ಲ. ನಿರ್ಣಯವಿಲ್ಲದ ಕಡೆ ರೂಢಿಯೇ ಶಾಸನವಾಗುವುದರಿಂದ, ಕೊನೆಗೆ ಬಂದು ನೆಲೆಸಿದವನೇ ಬಾಗಿಲನ್ನು ವಶಪಡಿಸಿಕೊಳ್ಳುವ ಪದ್ಧತಿ ಬೆಳೆಯಿತು. 1992ರ ಓಎಸ್/2 2.0 ಆವೃತ್ತಿಯ ಬೂಟ್ ಮ್ಯಾನೇಜರು ತನಗೆಂದೇ ಪ್ರತ್ಯೇಕವಾದ ಚಿಕ್ಕ ಪಾರ್ಟಿಷನ್ನೊಂದನ್ನು ಇರಿಸಿಕೊಂಡು, ಯಾವ ಪಾಲುದಾರನ ಹಂಗಿಗೂ ಸಿಲುಕದೆ ನಿಂತಿತ್ತು; ಆ ಕಾಲದ ಪರಿಹಾರಗಳಲ್ಲೆಲ್ಲ ಇದೇ ಹೆಚ್ಚು ನ್ಯಾಯಸಮ್ಮತವಾದುದೆಂದು ನನ್ನ ಮತ. ಆದರೆ ಅದನ್ನು ಅನುಸರಿಸಿದವರು ವಿರಳ. ವಿಂಡೋಸ್ ಎನ್‌ಟಿಯು 1993ರಲ್ಲಿ ತಂದ ಎನ್‌ಟಿ ಲೋಡರು ಸಾಮಾನ್ಯವಾಗಿ ಮೊದಲ ಪಾರ್ಟಿಷನ್ನಿನಲ್ಲೇ ಕುಳಿತುಕೊಳ್ಳುತ್ತಿದ್ದುದರಿಂದ, ಮುಂದೆ ವಿಂಡೋಸ್ 98 ಇದ್ದ ಯಂತ್ರದ ಎರಡನೆಯ ಪಾಲಿನಲ್ಲಿ ಎಕ್ಸ್‌ಪಿಯನ್ನು ಹೂಡಿದವನು, ಹಳೆಯದು ಸಾಕೆಂದು ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ, ಹೊಸದರ ಚಾಲನೆಯ ಕಡತಗಳನ್ನೇ ಕೈಯಾರೆ ನಾಶಮಾಡಿದಂತಾಗುತ್ತಿತ್ತು.

ಹಳೆಯ ವ್ಯವಸ್ಥೆಯ ನಿರ್ಮೂಲನದ ಇತಿಹಾಸದಲ್ಲಿ ಅತ್ಯಂತ ಫಲಪ್ರದವಾದ ಅಪಘಾತವೊಂದು ಹೆಲ್ಸಿಂಕಿಯಲ್ಲಿ ನಡೆಯಿತು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಮಿನಿಕ್ಸ್ ವ್ಯವಸ್ಥೆಯಿದ್ದ ತನ್ನ ಯಂತ್ರದಲ್ಲಿ ಲಿನಕ್ಸನ್ನು ರಚಿಸುತ್ತಿದ್ದು, ಎರಡೂ ಒಂದೇ ಡಿಸ್ಕಿನಲ್ಲಿ ಜೊತೆಜೊತೆಯಾಗಿ ಇದ್ದ ಕಾಲದಲ್ಲಿ, ವಿಶ್ವವಿದ್ಯಾಲಯದ ಗಣಕಕ್ಕೆ ಮೋಡೆಮಿನ ಮೂಲಕ ಕರೆ ಮಾಡಹೋಗಿ, ಕೈತಪ್ಪಿ ಡಯಲ್ ಮಾಡುವ ಆಜ್ಞೆಗಳನ್ನು ತನ್ನ ಡಿಸ್ಕಿನ ಮೇಲೆಯೇ ಬರೆದುಬಿಟ್ಟನು. ಮಿನಿಕ್ಸಿನ ಪಾರ್ಟಿಷನ್ನು ಕೆಟ್ಟುಹೋಯಿತು. ಅದನ್ನು ಮರಳಿ ಸ್ಥಾಪಿಸುವ ಗೋಜಿಗೆ ಹೋಗದೆ ಲಿನಕ್ಸಿನಲ್ಲೇ ಮುಂದುವರಿದನೆಂದು ಆತನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಬೇಡದ್ದನ್ನು ಅಳಿಸಲು ಮನಸ್ಸು ಬಾರದೆ ವರ್ಷಗಟ್ಟಲೆ ಎರಡನ್ನೂ ಹೊತ್ತುಕೊಂಡಿರುವ ನಮ್ಮಂಥವರಿಗೆ ಇಂಥ ಅಪಘಾತದ ಭಾಗ್ಯ ಎಲ್ಲಿಂದ ಬರಬೇಕು!

ಆ ಲಿನಕ್ಸಿಗೆ ವರ್ನರ್ ಆಲ್ಮೆಸ್‌ಬರ್ಗರ್ ರಚಿಸಿಕೊಟ್ಟ ಲಿಲೋ ಎಂಬ ಬೂಟ್‌ಲೋಡರು ಕಡತವ್ಯವಸ್ಥೆಯನ್ನು ಓದಬಲ್ಲ ಪ್ರಾಣಿಯಾಗಿರಲಿಲ್ಲ. ಕರ್ನೆಲ್ ಡಿಸ್ಕಿನ ಯಾವ ಯಾವ ಖಂಡಗಳಲ್ಲಿದೆಯೆಂಬ ವಿಳಾಸವನ್ನು ಮಾತ್ರ ಬರೆದಿಟ್ಟುಕೊಂಡಿರುತ್ತಿತ್ತು. ಲಿನಕ್ಸಿನ ಪಾಲನ್ನು ಅಳಿಸಿದರೆ, ಮೊದಲ ಸೆಕ್ಟರಿನಲ್ಲಿ ಉಳಿದ ಅದರ ತುಣುಕು ಇಲ್ಲದ ತನ್ನ ಉತ್ತರಾರ್ಧವನ್ನು ಹುಡುಕುತ್ತ, ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನು ಪರದೆಯ ಮೇಲೆ ಮೂಡಿಸಿ ಸ್ತಬ್ಧವಾಗುವುದೂ ಉಂಟಾಗಿತ್ತು. ಮೊದಲ ಸೆಕ್ಟರಿನ ಕ್ರಮವಿಧಿಯನ್ನು ಹೊಸದಾಗಿ ಬರೆಯುವ, ಡಾಸ್‌ನ ಕೈಪಿಡಿಯಲ್ಲಿ ಕಾಣದ ‘ಎಫ್‌ಡಿಸ್ಕ್ /ಎಂಬಿಆರ್’ ಎಂಬ ಮಂತ್ರ ಇದಕ್ಕೆ ಸಿದ್ಧೌಷಧವಾಗಿ ಬಾಯಿಂದ ಬಾಯಿಗೆ ಹಬ್ಬಿತು. 1995ರಲ್ಲಿ ಎರಿಕ್ ಬೊಲೈನ್ ಗ್ನೂ ಹರ್ಡ್ ವ್ಯವಸ್ಥೆಗಾಗಿ ಆರಂಭಿಸಿದ ಗ್ರಬ್ ಕಡತಗಳನ್ನು ತಾನೇ ಓದಬಲ್ಲದಾದರೂ, ಅದರ ಬಹುಭಾಗ ಲಿನಕ್ಸಿನ ಪಾಲಿನಲ್ಲೇ ಇರುವುದರಿಂದ ಆಪತ್ತು ರೂಪ ಬದಲಿಸಿತೇ ಹೊರತು ತೊಲಗಲಿಲ್ಲ. ಮೇಲಾಗಿ, ಐದನೆಯ ಲಾಜಿಕಲ್ ಪಾರ್ಟಿಷನ್ನನ್ನು ತೆಗೆದರೆ ಆರನೆಯದು ತಾನೇ ಐದನೆಯದಾಗುತ್ತಿತ್ತು. ಸಂಖ್ಯೆಯನ್ನು ನೆಚ್ಚಿ ಬರೆದಿಟ್ಟ ಪಟ್ಟಿಗಳೆಲ್ಲ ಸುಳ್ಳಾಗುತ್ತಿದ್ದವು. ಪಾರ್ಟಿಷನ್ನುಗಳನ್ನು ಸಂಖ್ಯೆಗೆ ಬದಲು ಯುಯುಐಡಿ ಎಂಬ ದೀರ್ಘ ಗುರುತಿನಿಂದ ಕರೆಯುವ ಪದ್ಧತಿಗೆ ಇಂಥ ಗೊಂದಲಗಳೂ ಪ್ರೇರಕ.

ಕನ್ನಡನಾಡಿನಲ್ಲಿ ತೊಂಬತ್ತರ ದಶಕದ ಉತ್ತರಾರ್ಧದಿಂದ ಪಿಸಿಕ್ವೆಸ್ಟ್ ಮುಂತಾದ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳ ಮೂಲಕ ಲಿನಕ್ಸಿನ ಪರಿಚಯ ಮಾಡಿಕೊಂಡವರಿಗೆ ಹಳೆಯ ವಿಂಡೋಸನ್ನು ಬಿಡಲಾಗದ್ದಕ್ಕೆ ಮತ್ತೊಂದು ಕಾರಣವಿದ್ದಿತು. ನುಡಿ, ಶ್ರೀಲಿಪಿಗಳಲ್ಲಿ ಬೆರಳಚ್ಚಾಗಿ ಪೇಜ್‌ಮೇಕರಿನಲ್ಲಿ ಪುಟಗಟ್ಟಿದ ಎಷ್ಟೋ ಪುಸ್ತಕಗಳು ಯೂನಿಕೋಡಿಗೆ ಹಿಂದಿನ ಸಂಕೇತಗಳಲ್ಲಿದ್ದು, ಆ ತಂತ್ರಾಂಶಗಳಾದರೋ ಲಿನಕ್ಸಿನೊಳಗೆ ಕಾಲಿಡುತ್ತಿರಲಿಲ್ಲ. ಬರೆಹಗಾರರ ಮನೆಗಳಲ್ಲಿ ವಿಂಡೋಸಿನ ಪಾಲು ಉಳಿದುಕೊಂಡದ್ದು ಆಟಗಳಿಗಿಂತ ಹೆಚ್ಚಾಗಿ ಈ ಹಳೆಯ ಅಕ್ಷರಗಳ ಮುಲಾಜಿಗೆ.

ಇಂಟೆಲ್ ಸಂಸ್ಥೆಯು ಇಟೇನಿಯಂ ಯಂತ್ರಗಳಿಗೆಂದು ರೂಪಿಸಿ, 2005ರಲ್ಲಿ ಸಾಮಾನ್ಯ ವೇದಿಕೆಯೊಂದಕ್ಕೆ ಒಪ್ಪಿಸಿದ ಯುಇಎಫ್‌ಐ ಪದ್ಧತಿಯು ಕಡೆಗೂ 512 ಬೈಟುಗಳ ಇಕ್ಕಟ್ಟನ್ನು ನೀಗಿತು. ಇದರಲ್ಲಿ ಪ್ರತಿಯೊಂದು ವ್ಯವಸ್ಥೆಗೂ ಸಾಮಾನ್ಯ ಪಾರ್ಟಿಷನ್ನೊಂದರಲ್ಲಿ ತನ್ನದೇ ಫೋಲ್ಡರು, ಯಂತ್ರದ ಸ್ಥಿರಸ್ಮೃತಿಯಲ್ಲಿ ತನ್ನದೇ ಹೆಸರಿನ ನಮೂದು. ಪಾಲನ್ನು ಅಳಿಸಿದ ಮೇಲೂ ಗತಿಸಿದ ವ್ಯವಸ್ಥೆಯ ಹೆಸರು ಪಟ್ಟಿಯಲ್ಲಿ ಉಳಿಯುವುದರಿಂದ, ‘ಇಎಫ್‌ಐಬೂಟ್‌ಎಂಜಿಆರ್’ನಂಥ ಉಪಕರಣದಿಂದ ಅದನ್ನು ಬೇರೆಯಾಗಿ ಕೀಳಬೇಕು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದು, ವಿಂಡೋಸ್ 11 ಅಪೇಕ್ಷಿಸುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಯಂತ್ರಗಳ ಒಡೆಯರಲ್ಲಿ ಕೆಲವರು ಈಗ ವಿಂಡೋಸನ್ನೇ ತೆಗೆದು ಲಿನಕ್ಸನ್ನು ಉಳಿಸಿಕೊಳ್ಳುತ್ತಿದ್ದಾರೆ. ಡಿಸ್ಕಿನ ಆರಂಭದಲ್ಲಿ, ಹಲವೊಮ್ಮೆ 100 ಮೆಗಾಬೈಟಿನಷ್ಟೇ ಇರುವ, ಚಿಕ್ಕ ಪಾರ್ಟಿಷನ್ನನ್ನು ವಿಂಡೋಸಿನ ಉಚ್ಛಿಷ್ಟವೆಂದು ಬಗೆದು ಅದನ್ನೂ ಅಳಿಸಿದವರಿಗೆ, ಅದನ್ನು ರಚಿಸಿದ್ದು ವಿಂಡೋಸೇ ಆದರೂ ಲಿನಕ್ಸಿನ ಚಾಲನೆಯ ಕಡತವೂ ಅದರೊಳಗೇ ಇದ್ದಿತೆಂಬುದು ಯಂತ್ರವನ್ನು ಮರಳಿ ಹಚ್ಚಿದಾಗ ತಿಳಿಯುತ್ತದೆ.